ಇಂಜಿನ್ ಬದಲಾಯಿತು, ಸ್ಟಿಯರಿಂಗ್ ಕಥೆ ಏನು?

ಮೂಡಿಗೆರೆ, ಕಳಸದ ಕಡೆ ಹಳೆ ಜೀಪಿಗೆ ಬೇರೆ ಇಂಜಿನ್ ಕೂರಿಸುವುದು ನಮಗೆ ಹೊಸತಲ್ಲ. ಇಂಜಿನ್ ಸ್ಟಾರ್ಟ್ ಆದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಇಂಥ ಗಾಡಿಗಳಲ್ಲಿ ಪವರ್ ಸ್ಟಿಯರಿಂಗಿನ ಪಂಪು, ಎ.ಸಿ. ಕಂಪ್ರೆಸರ್ ಎರಡೂ ತಿರುಗುವುದು ಇಂಜಿನ್ನಿನ ಬೆಲ್ಟಿನಿಂದಲೇ. ಹಳೆ ಬ್ರಾಕೆಟನ್ನು ವೆಲ್ಡ್ ಮಾಡಿ ಹೇಗೋ ಸಿಕ್ಕಿಸಿದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಬೆಲ್ಟ್ ಕಿರುಗುಟ್ಟುತ್ತಾ ಸವೆಯುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅದು ತುಂಡಾಯಿತು ಅಂತಿಟ್ಟುಕೊಳ್ಳಿ. ತಿರುವಿನಲ್ಲಿ ಸ್ಟಿಯರಿಂಗ್ ಕಲ್ಲಿನಷ್ಟು ಭಾರ, ಹಿಂದೆ ಹೆಂಡತಿ ಮಕ್ಕಳು.

ಹಾಗಾಗಿ ಮೊದಲು ಸ್ಟಿಯರಿಂಗ್, ಆಮೇಲೆ ಎ.ಸಿ. ಎಣ್ಣೆಯ ಹೋಸ್ ಬಿಸಿ ಸೈಲೆನ್ಸರ್ ಪೈಪಿಗೆ ತಾಗಬಾರದು. ಎಣ್ಣೆ ತುಂಬಿದ ಮೇಲೆ ಮುಂದಿನ ಚಕ್ರ ಎತ್ತಿ, ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸಿ ಗಾಳಿ ತೆಗೆಸಬೇಕು.

ಎ.ಸಿ. ಬರೀ ಶೋಕಿಯಲ್ಲ. ನಮ್ಮ ಮಳೆಗಾಲದಲ್ಲಿ ಗಾಜಿನ ಒಳಗೆ ಕಟ್ಟುವ ಮಂಜು ಹೋಗಲು ಅದೇ ಬೇಕು. ಗ್ಯಾಸ್ ಹಾಕುವ ಮೊದಲು ವ್ಯಾಕ್ಯೂಮ್ ಮಾಡಿಸಿ ತೇವ ತೆಗೆಸಿ. ಎ.ಸಿ. ಹಾಕಿದ ಕೂಡಲೇ ಇಂಜಿನ್ ಕುಗ್ಗುವುದಾದರೆ ಐಡ್ಲಿಂಗ್ ಸರಿ ಮಾಡಿಸಿಕೊಳ್ಳಿ.

ಇನ್ನು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು. ಹೊಸ ಇಂಜಿನ್ ನಂಬರು ಆರ್‌ಸಿಗೆ ಏರಬೇಕು, ಇನ್ಶೂರೆನ್ಸಿನವರಿಗೂ ತಿಳಿಸಿರಬೇಕು. ಇದನ್ನು ಬಿಟ್ಟರೆ ಕ್ಲೇಮ್ ಕೇಳುವ ಹೊತ್ತಿಗೆ ತಕರಾರು ಶುರುವಾಗುತ್ತದೆ.