ಎತ್ತಿಗೆ ಜ್ವರ, ಡ್ರೈವರಿಗೆ ಬರೆ

ಲಿನಕ್ಸ್ ಯಂತ್ರದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಎಲ್ಲೆಡೆ ಸಿಗುವ ಸಲಹೆ ಒಂದೇ: ಡ್ರೈವರ್ ಕಿತ್ತು ಮತ್ತೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಇಡೀ ಸಿಸ್ಟಂ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಈ ಸಲಹೆಯಲ್ಲಿ ನನಗೆ ನಂಬಿಕೆಯಿಲ್ಲ. ಕೆಲವೊಮ್ಮೆ ಇದು ಫಲ ಕೊಡುವುದು ನಿಜ. ಆದರೆ ಫಲ ಕೊಟ್ಟಾಗಲೂ ಏನು ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ಕೊಡದಿದ್ದಾಗ ಇದ್ದ ಸುಳಿವುಗಳೂ ಅಳಿಸಿಹೋಗಿರುತ್ತವೆ. ನೆಟ್‌ವರ್ಕ್ ಕಾರ್ಡ್ ಕೆಟ್ಟ ಮಾತ್ರಕ್ಕೆ ಡ್ರೈವರೇ ತಪ್ಪಿತಸ್ಥ ಎನ್ನುವಂತಿಲ್ಲ. ಇದಕ್ಕೆ 2008ರ ‘ಇ1000ಇ’ ಪ್ರಕರಣಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ 2.6.27ನೇ ಆವೃತ್ತಿ ಇನ್ನೂ ಪರೀಕ್ಷೆಯಲ್ಲಿತ್ತು. ಅದನ್ನು ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ ಇಂಟೆಲ್‌ನ ಗಿಗಾಬಿಟ್ ಕಾರ್ಡ್‌ಗಳು ನಿಂತೇಹೋದವು. ಹಳೆಯ ಕರ್ನಲ್‌ಗೆ ಮರಳಿದರೂ ಅವು ಚೇತರಿಸಿಕೊಳ್ಳಲಿಲ್ಲ. ಕಾರ್ಡ್‌ನ ವಿಳಾಸ, ಹೊಂದಾಣಿಕೆಗಳು, ಅವು ಸರಿಯಿವೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಇವೆಲ್ಲ ಇರುವ ಶಾಶ್ವತ ಸ್ಮೃತಿಯೇ ಕಲಸಿಹೋಗಿತ್ತು. ಚೆಕ್‌ಸಮ್ ಹೊಂದದ್ದರಿಂದ ಡ್ರೈವರ್ ಆ ಕಾರ್ಡನ್ನು ಮುಟ್ಟಲೊಪ್ಪಲಿಲ್ಲ. ಆರೋಪ ಸಹಜವಾಗಿ ಆ ಕಾರ್ಡ್‌ಗಳ ಡ್ರೈವರ್ ಇ1000ಇ ಮೇಲೆ ಬಿತ್ತು. ಉಬುಂಟು ತನ್ನ ಪರೀಕ್ಷಾ ಆವೃತ್ತಿಯಲ್ಲಿ ಅದನ್ನು ನಿಷ್ಕ್ರಿಯಗೊಳಿಸಿತು.

ಅಸಲಿ ಕಾರಣ ನೆಟ್‌ವರ್ಕ್‌ಗೆ ಸಂಬಂಧವೇ ಇಲ್ಲದ ‘ಎಫ್‌ಟ್ರೇಸ್’ ಎಂಬ ಸಾಧನದಲ್ಲಿತ್ತು. ಕರ್ನಲ್‌ನ ಯಾವ ಫಂಕ್ಷನ್ ಯಾವಾಗ ಓಡಿತು ಎಂದು ಗುರುತಿಸುವುದು ಅದರ ಕೆಲಸ. ಇದಕ್ಕಾಗಿ ಅದು ಫಂಕ್ಷನ್‌ಗಳ ಆರಂಭದ ಮೆಮೊರಿ ವಿಳಾಸಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಆಮೇಲೆ ಅಲ್ಲಿನ ಸೂಚನೆಯನ್ನು ಬದಲಿಸುತ್ತಿತ್ತು. ಡ್ರೈವರ್‌ನಂಥ ಮಾಡ್ಯೂಲೊಂದು ಚಾಲೂ ಆದ ಮೇಲೆ ಅದರ ಆರಂಭಿಕ ಕೋಡ್‌ನ ಜಾಗ ಖಾಲಿಯಾಗುತ್ತದೆ, ಆದರೆ ಪಟ್ಟಿಯಲ್ಲಿ ವಿಳಾಸ ಉಳಿದೇ ಇತ್ತು. ಅದೇ ವಿಳಾಸ ಮುಂದೆ ಇಂಟೆಲ್ ಕಾರ್ಡ್‌ನ ಶಾಶ್ವತ ಸ್ಮೃತಿಯನ್ನು ತಲುಪುವ ದಾರಿಯಾಗಿ ಹಂಚಿಕೆಯಾಯಿತು. ಹಾಗಾದರೂ ಅನಾಹುತ ಆಗಬಾರದಿತ್ತು: ‘ಹಳೆಯ ಸೂಚನೆ ಅಲ್ಲೇ ಇದ್ದರೆ ಮಾತ್ರ ಬದಲಿಸು’ ಎನ್ನುವ ‘ಸಿಎಂಪಿಎಕ್ಸ್‌ಸಿಎಚ್‌ಜಿ’ ಆದೇಶವನ್ನೇ ಎಫ್‌ಟ್ರೇಸ್ ಬಳಸಿತ್ತು. ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಜಾಗ. ಎಕ್ಸ್86 ಪ್ರೊಸೆಸರ್‌ಗಳಲ್ಲಿ ಹೋಲಿಕೆ ತಪ್ಪಿದರೂ ಈ ಆದೇಶ ಬರೆಯುವುದನ್ನು ಬಿಡುವುದಿಲ್ಲ. ಓದಿದ ಬೆಲೆಯನ್ನೇ ತಿರುಗಿ ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಇದ್ದದ್ದೇ ಇರುತ್ತದೆ. ಕಾರ್ಡ್‌ನಂಥ ಯಂತ್ರಾಂಶದ ವಿಳಾಸದಲ್ಲಿ ಹಾಗಲ್ಲ. ಅಲ್ಲಿ ಬರೆದ ಪ್ರತಿಯೊಂದೂ ಯಂತ್ರಾಂಶಕ್ಕೆ ಕೊಟ್ಟ ಅಪ್ಪಣೆ. ಜಾಗರೂಕತೆಗೆಂದೇ ಆರಿಸಿಕೊಂಡ ಆದೇಶ ಕಾರ್ಡ್‌ನ ಗುರುತನ್ನೇ ಅಳಿಸಿತು.

ಡ್ರೈವರ್ ಆ ಸ್ಮೃತಿಗೆ ಮೊದಲೇ ಬೀಗ ಹಾಕಬಹುದಿತ್ತಲ್ಲ ಎಂಬ ಆಕ್ಷೇಪವಿದೆ. ಅದು ಸರಿ, ಇಂಟೆಲ್ ಆಮೇಲೆ ಅಂಥ ರಕ್ಷಣೆ ಸೇರಿಸಿತು ಕೂಡ. ಆದರೆ ಅದರಿಂದ ಈ ಹಾನಿ ತಪ್ಪುತ್ತದೆ, ಕಾರಣ ಉಳಿಯುತ್ತದೆ. ಹುಡುಕಾಟ ಅಲ್ಲಿಗೇ ನಿಂತಿದ್ದರೆ ಎಫ್‌ಟ್ರೇಸ್ ತನಗೆ ಸೇರದ ಇನ್ನೊಂದು ಜಾಗದಲ್ಲಿ ಬರೆಯುತ್ತಲೇ ಇರುತ್ತಿತ್ತು. ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಯಿತು, ಮರುವಾರವೇ ಬಂದ 2.6.27.1 ಎಫ್‌ಟ್ರೇಸ್‌ನ ಆ ಭಾಗವನ್ನು ಮುಚ್ಚಿತು.

ಇಂಥ ಅಪರೂಪದ ಕಥೆಯಿಂದ ಮನೆಯ ಲ್ಯಾಪ್‌ಟಾಪ್‌ಗೆ ಏನು ಪ್ರಯೋಜನ ಎಂದೂ ಕೇಳಬಹುದು. ನಿತ್ಯದ ತೊಂದರೆಗಳು ಬಹುಪಾಲು ಸರಳವೇ. ಸರಳವಾದ್ದರಿಂದಲೇ ಅವಕ್ಕೆ ಕ್ರಮವಾದ ವಿಚಾರಣೆ ಸಾಕು, ಊಹೆ ಬೇಕಿಲ್ಲ. ‘ಎಲ್‌ಎಸ್‌ಪಿಸಿಐ’ ಆದೇಶಕ್ಕೆ ‘-ಕೆ’ ಸೇರಿಸಿದರೆ ಕಾರ್ಡ್ ಯಾವುದು, ಅದನ್ನು ಹಿಡಿದಿರುವ ಡ್ರೈವರ್ ಯಾವುದು ಎಂಬುದು ಕಾಣುತ್ತದೆ. ಒಳಗೆ ಕೂರಿಸಿದ ಕಾರ್ಡೇ ಅಲ್ಲಿ ಕಾಣದಿದ್ದರೆ ಡ್ರೈವರ್ ಬದಲಿಸಿ ಉಪಯೋಗವಿಲ್ಲ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೆಜ್’ ಫರ್ಮ್‌ವೇರ್ ಸಿಗಲಿಲ್ಲ ಎಂದರೆ ಬೇಕಾದದ್ದು ಆ ಕಡತ. ‘ಈಥ್‌ಟೂಲ್’ ಲಿಂಕ್ ಇಲ್ಲ ಎಂದರೆ ಮೊದಲು ಕೇಬಲ್ಲು, ಸ್ವಿಚ್ಚು ನೋಡಬೇಕು. ಅದೇ ಈಥ್‌ಟೂಲ್ ‘-ಇ’ ಆಯ್ಕೆಯಲ್ಲಿ ಕಾರ್ಡ್‌ನ ಶಾಶ್ವತ ಸ್ಮೃತಿಯನ್ನು ಓದಿ ಕೊಡುತ್ತದೆ; 2008ರಲ್ಲಿ ಆ ಪ್ರತಿ ಮೊದಲೇ ತೆಗೆದಿಟ್ಟವರಿಗೆ ಕಾರ್ಡನ್ನು ಮೊದಲಿನಂತೆ ಮಾಡಿಕೊಳ್ಳಲು ಆಧಾರವಾದರೂ ಇತ್ತು. ಈ ಸಾಧನಗಳಿಗೆ ಹಣ ಕೊಡಬೇಕಿಲ್ಲ. ಯುನಿಕ್ಸ್ ಪರಂಪರೆಯ ಸಿಸ್ಟಂಗಳು ಒಳಗೆ ನಡೆದದ್ದನ್ನು ಮುಚ್ಚಿಡುವುದಿಲ್ಲ, ಕೇಳಿದರೆ ಹೇಳುತ್ತವೆ. ಕೇಳದೆಯೇ ಎಲ್ಲ ಅಳಿಸಿ ಹೊಸದಾಗಿ ಹಾಕುವವರು ಈ ಸಿಸ್ಟಂಗಳ ಅತಿ ದೊಡ್ಡ ಗುಣವನ್ನೇ ಬಳಸದೆ ಬಿಡುತ್ತಾರೆ.