ಒಂದು ಗುದ್ದಿಗೆ ವರ್ಷದ ತಾಲೀಮು

ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿ ಪುಟ್ಟದೊಂದು ಜುಟ್ಟು ಮಾತ್ರ ಉಳಿಸಿಕೊಂಡ ಜಟ್ಟಿಗಳು ಮಣ್ಣಿನ ಕಣಕ್ಕೆ ಇಳಿಯುತ್ತಾರೆ. ಬಲಗೈ ಬೆರಳುಗಳ ಮೇಲೆ ಕೊಂಬಿನಲ್ಲೋ ದಂತದಲ್ಲೋ ಮಾಡಿದ ಮೊನಚಾದ ವಜ್ರಮುಷ್ಟಿ, ಎಡಗೈ ಖಾಲಿ. ಸಾಮಾನ್ಯವಾಗಿ ಎರಡು ಜೋಡಿ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರ ಕಡೆಯ ಜಟ್ಟಿ ಮನೆತನಗಳವರು. ಯಾರದಾದರೂ ನೆತ್ತಿಯ ಮೇಲೆ ರಕ್ತ ಕಂಡೊಡನೆ ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಅಲ್ಲಿಗೆ ಕಾಳಗ ಮುಗಿಯಿತು. ಆ ಬಳಿಕವೇ ರಾಜಮನೆತನದವರು ಬನ್ನಿ ಪೂಜೆಗೆ ಹೊರಡುವುದು.

ನೋಡಲು ಬಂದವರು ಕತ್ತು ಉದ್ದ ಮಾಡಿ ಜಾಗ ಹಿಡಿಯುವಷ್ಟರಲ್ಲಿ ಎಲ್ಲವೂ ಆಗಿಹೋಗಿರುತ್ತದೆ. ನಾವು ಪತ್ರಿಕೆಯವರೂ ಅಷ್ಟೆ. 'ಕ್ಷಣಾರ್ಧದಲ್ಲಿ ಚಿಮ್ಮಿದ ನೆತ್ತರು' ಎಂದು ಪ್ರತಿವರ್ಷ ಒಂದೇ ತಲೆಬರಹ ಕೊಟ್ಟು ಜಂಬೂಸವಾರಿಯ ಕಡೆಗೆ ಓಡುತ್ತೇವೆ. ಕೇಳಬೇಕಾದ ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಒಂದೇ ಏಟಿಗೆ ಮುಗಿಯುವ, ವರ್ಷಕ್ಕೊಮ್ಮೆ ಮಾತ್ರ ನಡೆಯುವ ಈ ಹೋರಾಟವನ್ನು ಹೊಸ ಹುಡುಗನೊಬ್ಬ ಕಲಿಯುವುದಾದರೂ ಹೇಗೆ? ದಿನವೂ ಕೊಂಬಿನ ಹಲ್ಲು ಹಿಡಿದು ಜೊತೆಗಾರನ ತಲೆ ಒಡೆದು ಅಭ್ಯಾಸ ಮಾಡಲು ಬರುವುದಿಲ್ಲವಲ್ಲ!

ಮುಷ್ಟಿಯುದ್ಧ ಇದ್ದಲ್ಲೆಲ್ಲ ಈ ತೊಡಕು ಇದೆ. ನಿಜವಾದ ಏಟು ತಿನ್ನದೆ ಹೊಡೆದಾಟ ಬರುವುದಿಲ್ಲ. ನಿಜವಾದ ಏಟನ್ನೇ ತಿನ್ನುತ್ತ ಹೋದರೆ ಕಲಿಯಲು ಹುಡುಗನೇ ಉಳಿಯುವುದಿಲ್ಲ. ಪ್ರಾಚೀನ ಗ್ರೀಕರು ಪಂದ್ಯದಲ್ಲಿ ಕೈಗೆ ತೊಗಲಿನ ಪಟ್ಟಿ ಬಿಗಿದು ಗುದ್ದಾಡುತ್ತಿದ್ದರು. ಆದರೆ ಅಭ್ಯಾಸದ ವೇಳೆ ಮೆತ್ತೆಯಂಥ ಉಂಡೆಗಳನ್ನು ಕಟ್ಟಿಕೊಳ್ಳುತ್ತಿದ್ದರೆಂದು ತತ್ತ್ವಜ್ಞಾನಿ ಪ್ಲೇಟೊ ಹೇಳುತ್ತಾನೆ. ಜೊತೆಗಾರ ಸಿಗದಿದ್ದರೆ ಜೀವವಿಲ್ಲದ ಗೊಂಬೆಯನ್ನು ತೂಗುಹಾಕಿ ಗುದ್ದುತ್ತಿದ್ದರಂತೆ, ಅದೂ ಇಲ್ಲವಾದರೆ ಬರೀ ಗಾಳಿಗೆ. ಇಂದಿನ ಬಾಕ್ಸಿಂಗ್ ಶಾಲೆಯಲ್ಲಿ ಮರಳುಚೀಲಕ್ಕೆ ಗುದ್ದುವ, ಕನ್ನಡಿಯೆದುರು ನಿಂತು ನೆರಳಿನೊಡನೆ ಸೆಣಸುವ ಹುಡುಗರನ್ನು ನೋಡಿದರೆ ಎರಡು ಸಾವಿರ ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ ಎನಿಸುತ್ತದೆ.

ಬಾಕ್ಸಿಂಗ್ ಎಂದೊಡನೆ ಕಣ್ಣಮುಂದೆ ಬರುವ ದಪ್ಪ ಕೈಗವಸಿನ ಕಥೆಯೂ ಇದೇ. ಅದು ಪಂದ್ಯಕ್ಕಾಗಿ ಹುಟ್ಟಿದ್ದಲ್ಲ, ಕಲಿಯುವವರಿಗಾಗಿ ಹುಟ್ಟಿದ್ದು. ಲಂಡನ್ನಿನ ಜ್ಯಾಕ್ ಬ್ರೌಟನ್ ಎಂಬ ಪ್ರಸಿದ್ಧ ಮುಷ್ಟಿಮಲ್ಲ 1743ರಲ್ಲಿ ಬರಿಗೈ ಪಂದ್ಯಗಳಿಗೆ ನಿಯಮ ರೂಪಿಸಿದ. 1747ರಲ್ಲಿ ಶ್ರೀಮಂತರ ಮನೆಯ ಯುವಕರಿಗೆ ಪಾಠ ಹೇಳಲು ಹೊರಟಾಗ ಅವರ ಮೂಗು, ದವಡೆ ಉಳಿಯಬೇಕಲ್ಲ! ಅದಕ್ಕಾಗಿ ಮೆತ್ತನೆಯ ಕೈಚೀಲ ತೊಡಿಸಿದ. ಪಂದ್ಯ ಬರಿಗೈಯಲ್ಲಿ, ಪಾಠ ಗವಸಿನಲ್ಲಿ. ನೂರಿಪ್ಪತ್ತು ವರ್ಷಗಳ ನಂತರ, 1867ರ ಕ್ವೀನ್ಸ್‌ಬರಿ ನಿಯಮಗಳು ಬಂದ ಮೇಲೆಯೇ ಗವಸು ಪಂದ್ಯದ ಕಟ್ಟುಪಾಡಿಗೆ ಸೇರಿದ್ದು. ಈಗಲೂ ಆ ವ್ಯತ್ಯಾಸ ಪೂರ್ತಿ ಅಳಿದಿಲ್ಲ. ಹವ್ಯಾಸಿ ಪಂದ್ಯದಲ್ಲಿ 10 ಔನ್ಸಿನ, ಎಂದರೆ ಸುಮಾರು 280 ಗ್ರಾಂ ತೂಕದ ಗವಸು ತೊಟ್ಟವನು ಅಭ್ಯಾಸದ ಜೋಡಿಯಲ್ಲಿ 16 ಔನ್ಸಿನ ದಪ್ಪ ಗವಸು ತೊಡುತ್ತಾನೆ.

ಬಾಕ್ಸಿಂಗಿಗೆ ಹೊಸದಾಗಿ ಸೇರಿದ ಹುಡುಗ ಮೊದಲು ಕಲಿಯುವುದು ಕಾಲಿನ ಕೆಲಸ. ಎಡಗಾಲು ಮುಂದೆ, ಬಲಗಾಲು ಹಿಂದೆ, ಗದ್ದ ಕೆಳಗೆ, ಎರಡೂ ಮುಷ್ಟಿ ಕೆನ್ನೆಯ ಪಕ್ಕ. ಹಗ್ಗದಾಟ, ಮರಳುಚೀಲ. ಇಷ್ಟರವರೆಗೆ ಎಲ್ಲರೂ ಶೂರರೇ. ಜೋಡಿಯೊಡನೆ ನಿಲ್ಲಿಸಿದ ದಿನ ಬಣ್ಣ ಬಯಲಾಗುತ್ತದೆ. ಎದುರಿನವನ ಕೈ ಅಲುಗಿದರೆ ಸಾಕು, ಹುಡುಗ ಕಣ್ಣು ಮುಚ್ಚುತ್ತಾನೆ, ಮುಖ ತಿರುಗಿಸುತ್ತಾನೆ, ಉಸಿರು ಹಿಡಿದುಬಿಡುತ್ತಾನೆ. ಮೂರು ನಿಮಿಷದ ಸುತ್ತಿನಲ್ಲಿ ಒಂದು ನಿಮಿಷಕ್ಕೇ ಸುಸ್ತು. ತೋಳಿನಲ್ಲಿ ಬಲವಿಲ್ಲವೆಂದಲ್ಲ, ಹೆದರಿಕೆಗೆ ಉಸಿರು ಕಟ್ಟಿರುತ್ತದೆ. ಈ ಹೆದರಿಕೆಯನ್ನು ಪುಸ್ತಕ ಓದಿ ಬಿಡಿಸಲಾಗದು. ಹಗುರವಾದ ಏಟುಗಳನ್ನು ನೂರಾರು ಸಲ ತಿಂದು, 'ಇಷ್ಟೇ ತಾನೆ' ಎಂದು ಮೈಗೆ ಮನದಟ್ಟಾಗಬೇಕು. ಗವಸಿನ ಉಪಕಾರ ಅದು.

ವಜ್ರಮುಷ್ಟಿಗೆ ಗವಸಿಲ್ಲ. ಹಾಗಾದರೆ ಜಟ್ಟಿ ಹುಡುಗನಿಗೆ ಆ ಧೈರ್ಯ ಬರುವುದೆಲ್ಲಿಂದ? ಉತ್ತರ ಇರುವುದು ಗರಡಿ ಮನೆಯಲ್ಲಿ. ವಜ್ರಮುಷ್ಟಿ ಮೂಲತಃ ಗುದ್ದಾಟ ಮಾತ್ರವಲ್ಲ, ಆಯುಧ ಹಿಡಿದು ಆಡುವ ಕುಸ್ತಿ. ಗುದ್ದು ಅದರ ತುದಿ, ಬುಡವೆಲ್ಲ ಕುಸ್ತಿಯೇ.

ನಜರ್‌ಬಾದ್, ಕೆ.ಜಿ.ಕೊಪ್ಪಲಿನಂಥ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ನಡೆದವರಿಗೆ ಗರಡಿ ಹೊಸದಲ್ಲ. ತಲೆ ಬಗ್ಗಿಸಿ ಒಳಹೋಗಬೇಕಾದ ಪುಟ್ಟ ಬಾಗಿಲು, ಗಾಳಿ ಬೆಳಕು ಕಡಿಮೆಯಿರುವ ತಂಪು ಕೋಣೆ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ಗುಂಡುಕಲ್ಲು. ನಡುವೆ ಮಟ್ಟಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಅರಿಶಿನ, ಎಣ್ಣೆ, ಮಜ್ಜಿಗೆ, ಕರ್ಪೂರ ಮುಂತಾದವನ್ನು ಬೆರೆಸಿ ಹದಮಾಡಿದ ಮಣ್ಣು ಅದು. ಒಂದೊಂದು ಗರಡಿಯ ಹದ ಒಂದೊಂದು ಬಗೆ. ಬಿದ್ದವನ ಮೂಳೆ ಉಳಿಯಬೇಕು, ತರಚಿದ ಗಾಯ ಕೀವಾಗಬಾರದು ಎಂಬುದು ಲೆಕ್ಕ. ಬ್ರೌಟನ್ ಮೆತ್ತೆಯನ್ನು ಹೊಡೆಯುವವನ ಕೈಗೆ ಕಟ್ಟಿದ. ನಮ್ಮವರು ಅದನ್ನು ಬೀಳುವವನ ಬೆನ್ನ ಕೆಳಗೆ ಹಾಸಿದರು.

ಹೊಸಬನಿಗೆ ಪಟ್ಟು ಹೇಳಿಕೊಡುವುದು ಆಮೇಲಿನ ಮಾತು. ಮೊದಲು ಸಾಮು. ದಂಡೆ, ಬಸ್ಕಿ, ಗದೆ ತಿರುಗಿಸುವುದು. ಬೆಳಗಿನ ಜಾವವೇ ಎದ್ದು ಬರಬೇಕು. ಕತ್ತು ಗಟ್ಟಿಯಾಗಬೇಕೆಂದು ತಲೆಯನ್ನು ನೆಲಕ್ಕೂರಿ ಮೈ ಎತ್ತುವ ಕಸರತ್ತು. ಇದು ನೋಡುವವರ ಕಣ್ಣಿಗೆ ಬೀಳದ ಕೆಲಸ. ಆದರೆ ತಲೆಗೆ ಏಟು ಬಿದ್ದಾಗ ಅದನ್ನು ತಡೆದು ನಿಲ್ಲುವುದು ಕತ್ತೇ. ಆಮೇಲೆ ಉಸ್ತಾದರು ಜೋಡಿ ಕೊಟ್ಟು ಮಟ್ಟಿಗೆ ಬಿಡುತ್ತಾರೆ. ಹಿರಿಯ ಪೈಲ್ವಾನನೊಬ್ಬ ಹುಡುಗನನ್ನು ಎತ್ತಿ ಹಾಕುತ್ತಾನೆ, ಎಬ್ಬಿಸುತ್ತಾನೆ, ಮತ್ತೆ ಹಾಕುತ್ತಾನೆ. ಬಿದ್ದು ಬಿದ್ದು ಹುಡುಗನಿಗೆ ಎದುರಾಳಿಯ ಭುಜ ಅಲುಗಿದ್ದು ಗೊತ್ತಾಗತೊಡಗುತ್ತದೆ. ಕಣ್ಣು ಮುಚ್ಚುವುದು ನಿಲ್ಲುತ್ತದೆ. ಎಡಗೈ ತಡೆಯಲು, ಹಿಡಿಯಲು ಕಲಿಯುತ್ತದೆ. ಕರಿಕಲ್ಲು ತೊಟ್ಟಿಯಲ್ಲಿ ಎಲ್ಲರೂ ನೋಡುವುದು ಬಲಗೈಯನ್ನು. ನನ್ನನ್ನು ಕೇಳಿದರೆ ನೋಡಬೇಕಾದ್ದು ಆ ಎಡಗೈಯನ್ನೇ.

ಇದನ್ನೆಲ್ಲ ಬರೆದಿಟ್ಟವರಿಲ್ಲವೇ ಎಂದರೆ, ಇದ್ದಾರೆ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಅವರಿಗೆ ದೊರೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಒದಗಿಸಬೇಕು. ಭಾರ ಎತ್ತುವ, ನಡೆಯುವ, ನೀರಿನಲ್ಲಿ ಈಸುವ, ಕಂಬದ ಮೇಲೆ ಮಾಡುವ ವ್ಯಾಯಾಮಗಳ ಹೆಸರುಗಳಿವೆ. ಪಟ್ಟುಗಳಿಗೂ ಹೆಸರುಗಳಿವೆ. ಆದರೆ ಆ ಪಟ್ಟನ್ನು ಹಾಕುವುದು ಹೇಗೆಂದು ಗ್ರಂಥ ವಿವರಿಸುವುದಿಲ್ಲ. ದೊರೆಗೆ ಬೇಕಿದ್ದುದು ಹೆಸರು ಮತ್ತು ನೋಟ. ವಿದ್ಯೆ ಉಸ್ತಾದನ ಕೈಯಲ್ಲೇ ಉಳಿಯಿತು. ಗುಜರಾತಿನ ಮೊಢೇರಾ ಕಡೆಯ ಜ್ಯೇಷ್ಠಿಮಲ್ಲರ ಸಂಸ್ಕೃತ 'ಮಲ್ಲಪುರಾಣ' 1964ರಲ್ಲಿ ಬರೋಡದಿಂದ ಅಚ್ಚಾಯಿತು. ಅವರ ಕುಲದೇವತೆ ನಿಂಬಜಾ. ಮೈಸೂರಿನ ಜಟ್ಟಿಗಳು ಪೂಜಿಸುವವಳು ನಿಂಬುಜಾದೇವಿ. ಜ್ಯೇಷ್ಠಿ ಎಂಬುದೇ ಜಟ್ಟಿಯಾಯಿತು ಎನ್ನುವವರಿಗೆ ಇದು ದೊಡ್ಡ ಆಧಾರ.

1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಮಲ್ಲರ ಕಾಳಗವನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಹಲ್ಲು ಉದುರುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಏಟುಗಳು. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಅದರ ನಡುವೆಯೇ ಅವನು ಇನ್ನೊಂದು ಮಾತು ಹೇಳುತ್ತಾನೆ: ಇಬ್ಬರನ್ನೂ ಸರಿಸಮಾನವಾಗಿ ನಿಲ್ಲಿಸಲೆಂದೇ ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು. ಮೈಸೂರಿನಲ್ಲಿ ಇಂದಿಗೂ ದಸರಾ ಕುಸ್ತಿಗೆ ಮುಂಚೆ 'ಜೋಡಿ ಕಟ್ಟುವ' ದಿನವೊಂದಿದೆ. ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ ಮೈಕಟ್ಟು, ತೂಕ, ಅನುಭವ ನೋಡಿ ಹೊಂದಿಸುತ್ತಾರೆ. ಹೊಸಬನ ಪಾಲಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ಬಾಕ್ಸಿಂಗಿನಲ್ಲಾಗಲಿ ಗರಡಿಯಲ್ಲಾಗಲಿ ಹುಡುಗರು ಕೆಡುವುದು ತಪ್ಪು ಜೋಡಿಯಿಂದ.

ಮೈಸೂರಿನಲ್ಲಿ 1803ರಿಂದ 1808ರವರೆಗೆ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಜಟ್ಟಿಗಳ ಕಾಳಗವನ್ನು ವಿವರಿಸಿದ್ದಾನೆ. ಕೋಣದ ಕೊಂಬಿನ ಆಯುಧ, ಬೋಳು ತಲೆ, ನೆತ್ತಿಯ ಜುಟ್ಟು, ತೊಡೆಯ ಅರ್ಧಕ್ಕೆ ಬರುವ ಚಡ್ಡಿ — ಇನ್ನೂರು ವರ್ಷಗಳ ಹಿಂದಿನ ಚಿತ್ರ ಇಂದಿನದರ ಹಾಗೆಯೇ ಇದೆ. ಈ ವಿದ್ಯೆಗೆ ಕರಾಳ ಮುಖವೂ ಉಂಟು. ಟಿಪ್ಪುವಿನ ಕಾಲದಲ್ಲಿ ಮರಣದಂಡನೆ ಜಾರಿ ಮಾಡಲು ಜಟ್ಟಿಗಳನ್ನು ಬಳಸುತ್ತಿದ್ದರು, ಕೈದಿಗಳ ಕತ್ತು ತಿರುಚಿ ಕೊಲ್ಲಿಸುತ್ತಿದ್ದರು ಎಂದು ಆಗಿನ ಬ್ರಿಟಿಷ್ ಬರಹಗಳು ಹೇಳುತ್ತವೆ. ಅದೇ ಜಟ್ಟಿಗಳು ಎಣ್ಣೆ ತಿಕ್ಕಿ ನರನೋವು ಕಳೆಯುವುದರಲ್ಲಿ ಹೆಸರಾದವರೆಂದು 1909ರಲ್ಲಿ ಎಡ್ಗರ್ ಥರ್ಸ್ಟನ್ ದಾಖಲಿಸಿದ. ಕೀಲು ಎಲ್ಲಿ ತಪ್ಪುತ್ತದೆಂದು ಬಲ್ಲ ಕೈಗೆ ಅದನ್ನು ಕೂಡಿಸುವುದೂ ತಿಳಿದಿರುತ್ತದೆ.

ರಕ್ತದ ಮಾತಿಗೆ ಬರೋಣ. 'ಈ ಕಾಲದಲ್ಲಿ ಇದೆಲ್ಲ ಬೇಕೆ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ರಕ್ತ ಕಂಡ ಮಾತ್ರಕ್ಕೆ ಯಾವುದು ಹೆಚ್ಚು ಕ್ರೂರ ಎಂದು ತೀರ್ಮಾನಿಸುವುದು ಸರಿಯಲ್ಲ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಸಣ್ಣ ಗೀರಿಗೂ ಧಾರಾಳವಾಗಿ ರಕ್ತ ಬರುತ್ತದೆ. ಮೊದಲ ರಕ್ತಕ್ಕೇ ಕಾಳಗ ನಿಲ್ಲಿಸುವ ನಿಯಮವೆಂದರೆ ಹೆಚ್ಚಿನ ಏಟುಗಳು ಬೀಳುವ ಮೊದಲೇ ನಿಲ್ಲಿಸುವುದು ಎಂದೇ ಅರ್ಥ. ಗವಸು ತೊಟ್ಟ ಬಾಕ್ಸಿಂಗಿನಲ್ಲಿ ರಕ್ತ ಕಡಿಮೆ, ಏಟು ಜಾಸ್ತಿ. ತಲೆಬುರುಡೆಯ ಒಳಗೆ ಮಿದುಳು ಅಲುಗಾಡುವುದು ಹೊರಗೆ ಕಾಣುವುದಿಲ್ಲ. ಒಲಿಂಪಿಕ್ಸ್‌ನಲ್ಲಿ 1984ರಿಂದ ಕಡ್ಡಾಯವಾಗಿದ್ದ ಶಿರಸ್ತ್ರಾಣವನ್ನು ಪುರುಷರ ಪಂದ್ಯಗಳಿಂದ 2016ರ ರಿಯೊ ಕೂಟದಲ್ಲಿ ತೆಗೆದುಹಾಕಲಾಯಿತು. ಅದು ಗೀರುಗಾಯ ತಡೆಯುತ್ತದೆಯೇ ಹೊರತು ಒಳಗಿನ ಆಘಾತವನ್ನು ತಡೆಯದು ಎಂಬ ವಾದ ಆಗ ಬಲವಾಗಿ ಕೇಳಿಬಂತು. ಹಾಗೆಂದು ವಜ್ರಮುಷ್ಟಿ ನಿರಪಾಯಕಾರಿ ಎಂದೇನೂ ಅಲ್ಲ. ಕಣ್ಣಿನ ಪಕ್ಕ ಅರ್ಧ ಅಂಗುಲ ಜಾರಿದ ಕೊಂಬಿನ ಹಲ್ಲಿಗೆ ನಿಯಮ ಗೊತ್ತಿರುವುದಿಲ್ಲ. ಉಸ್ತಾದರು ಕಣದಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲುವುದು ಅದಕ್ಕೇ.

ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತಿದೆ. 1974ರಲ್ಲಿ ಜಯಚಾಮರಾಜ ಒಡೆಯರ್ ತೀರಿಕೊಂಡ ಬಳಿಕವೂ, 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡ ಬಳಿಕವೂ ಅರಮನೆಯ ದಸರಾ ಆಚರಣೆಗಳು ಮುಂದುವರಿದವು. 2015ರಲ್ಲಿ ಪಟ್ಟಕ್ಕೆ ಬಂದ ಯದುವೀರರ ಸಮ್ಮುಖದಲ್ಲಿ ಕಾಳಗ ನಡೆಯುತ್ತಿದೆ. ವರ್ಷಕ್ಕೊಂದು ಬೆಳಿಗ್ಗೆ ನಾಲ್ಕು ಜನ ಬೇಕು, ಸಿಗುತ್ತಾರೆ. ಆದರೆ ಆ ನಾಲ್ವರ ಹಿಂದೆ ದಿನವೂ ಮಟ್ಟಿಗಿಳಿಯುವ ಹತ್ತಾರು ಹುಡುಗರಿಲ್ಲದಿದ್ದರೆ, ತಾಲೀಮಿಲ್ಲದ ಕೈಯಲ್ಲಿ ಆಯುಧ ಮಾತ್ರ ಉಳಿದೀತು. ಹಿಂದೆ ಊರ ತುಂಬ ಇದ್ದ ಗರಡಿಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ದೇಹ ಬೆಳೆಸಬೇಕೆನ್ನುವ ಹುಡುಗ ಕನ್ನಡಿಯ ಗೋಡೆಯಿರುವ ಜಿಮ್ಮಿಗೆ ಹೋಗುತ್ತಾನೆ. ಅಲ್ಲಿ ಕಬ್ಬಿಣವನ್ನು ಎತ್ತಬಹುದು, ಕಬ್ಬಿಣ ತಿರುಗಿ ನಮ್ಮನ್ನು ಎತ್ತಿ ಹಾಕುವುದಿಲ್ಲ.

ವಜ್ರಮುಷ್ಟಿ ಜಟ್ಟಿ ಮನೆತನಗಳ ಹಕ್ಕು, ಹೊರಗಿನವರು ಕಲಿಯುವಂತಿಲ್ಲ. ಆದರೆ ಅದರ ಬುಡದಲ್ಲಿರುವ ಗರಡಿ ಎಲ್ಲ ಜಾತಿ, ಮತದವರದು. ವಿಜಯನಗರದ ಅರಮನೆಯಲ್ಲಿ ಕುಸ್ತಿ ಬಲ್ಲ ಹೆಂಗಸರೂ ಇದ್ದರೆಂದು ನೂನಿಜ್ ಬರೆದಿದ್ದಾನೆ. ಮೈಸೂರು ದಸರೆಯ ಅಖಾಡದಲ್ಲೂ ಈಗ ಹೆಣ್ಣುಮಕ್ಕಳ ಜೋಡಿಗಳು ಸೆಣಸುತ್ತವೆ. ಸೇರಬೇಕೆನ್ನುವವರು ಬೆಳಗಿನ ಜಾವ ಹತ್ತಿರದ ಗರಡಿಯ ಬಾಗಿಲಿಗೆ ಹೋಗಿ ಉಸ್ತಾದರನ್ನು ಕೇಳಿದರಾಯಿತು. ಮೊದಲ ದಿನವೇ ಪಟ್ಟು ಹೇಳಿಕೊಡುತ್ತಾರೆಂದು ಮಾತ್ರ ಎಣಿಸಬೇಡಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವನ ಕೈಗೆ ಸಿಗುವುದು ಸಾಮಾನ್ಯವಾಗಿ ಗುದ್ದಲಿ, ಮಟ್ಟಿ ಅಗೆದು ಹದ ಮಾಡಲು.