ಪವಿತ್ರ ಕುಟುಂಬದ ಹಬ್ಬದಿಂದ ಪವಿತ್ರ ಕುಟುಂಬದ ಹಬ್ಬದವರೆಗೆ



ವರ್ಷದ ಕೊನೆಗೆ ಗೋದಲಿಯ ಮುಂದೆ ಕುಳಿತು ಕಳೆದ ಹನ್ನೆರಡು ತಿಂಗಳನ್ನು ನೆನೆಯುವುದು ನಮ್ಮ ಮನೆಯ ಹಳೆಯ ರೂಢಿ. ಹೋದ ಊರು, ಮಾಡಿದ ಹಬ್ಬ, ಬಂದ ನೆಂಟರು, ಆದ ಖರ್ಚು, ಎಲ್ಲವೂ ಆ ಮಾತಿನಲ್ಲಿ ಬರುತ್ತವೆ. ಆದರೆ 2025 ಹಾಗೆ ಲೆಕ್ಕ ಹಾಕಿ ಮುಗಿಸುವಂಥ ವರ್ಷವಾಗಿರಲಿಲ್ಲ. ಅದು ಜ್ಯೂಬಿಲಿ ವರ್ಷ. ನಮ್ಮ ಮನೆಯಲ್ಲಿ ಬಹಳ ದಿನದಿಂದ ಮುಚ್ಚಿಟ್ಟಿದ್ದ ಒಂದು ಕಡತವನ್ನು ಬಿಚ್ಚಿಸಿದ ವರ್ಷವೂ ಹೌದು. ಆದುದರಿಂದ ಇದನ್ನು ಬರೆಯುತ್ತಿದ್ದೇವೆ.

ಜ್ಯೂಬಿಲಿ ಎಂದರೆ ಏನು? ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇಸ್ರಯೇಲರಿಗೆ ದೇವರು ಕೊಟ್ಟ ಕಟ್ಟಳೆ ಇದೆ. ಐವತ್ತನೆಯ ವರ್ಷ ಬಂದಾಗ ಕೊಂಬು ಊದಿ ಸಾರಬೇಕು, ಮಾರಿಹೋದ ಜಮೀನು ಮೊದಲಿನ ಮನೆತನಕ್ಕೆ ಹಿಂತಿರುಗಬೇಕು, ಬಡತನದಿಂದ ಆಳಾಗಿ ದುಡಿಯುತ್ತಿದ್ದವನು ತನ್ನ ಮನೆಗೆ ಹೋಗಬೇಕು. ಭೂಮಿ ದೇವರದು, ಅದರ ಮೇಲಿರುವವರೆಲ್ಲ ಒಕ್ಕಲುಗಳು ಎಂಬುದೇ ಇದರ ತಿರುಳು. ಸಾಲ ಬಿಡುವ ಕಟ್ಟಳೆ ಬೇರೆ. ಅದು ಧರ್ಮೋಪದೇಶಕಾಂಡದಲ್ಲಿ ಏಳು ವರ್ಷಕ್ಕೊಮ್ಮೆ ಎಂದು ಹೇಳಿದೆ. ನಮ್ಮ ಧರ್ಮಸಭೆಯಲ್ಲಿ ಮೊದಲ ಜ್ಯೂಬಿಲಿಯನ್ನು 1300ರಲ್ಲಿ ಎಂಟನೇ ಬೋನಿಫಾಸ್ ಜಗದ್ಗುರುಗಳು ಸಾರಿದರು. 1470ರಲ್ಲಿ ಎರಡನೇ ಪೌಲ ಜಗದ್ಗುರುಗಳು ಇಪ್ಪತ್ತೈದು ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿದರು. ಈ ಸಲದ ಪವಿತ್ರ ದ್ವಾರವನ್ನು ಫ್ರಾನ್ಸಿಸ್ ಜಗದ್ಗುರುಗಳು 2024ರ ಡಿಸೆಂಬರ್ 24ರ ರಾತ್ರಿ ತೆರೆದರು. ಭರವಸೆಯ ಯಾತ್ರಿಕರು ಎಂಬುದು ಅದರ ಧ್ಯೇಯವಾಗಿತ್ತು.

ಹಲವರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ರೋಮಿನಲ್ಲಿ ಜ್ಯೂಬಿಲಿ ಮುಗಿದದ್ದು 2026ರ ಜನವರಿ 6ರಂದು. ಆದರೆ ಜಗತ್ತಿನ ಎಲ್ಲಾ ಧರ್ಮಕ್ಷೇತ್ರಗಳಲ್ಲಿ 2024ರ ಡಿಸೆಂಬರ್ 29ರಂದು ಆರಂಭಿಸಿ 2025ರ ಡಿಸೆಂಬರ್ 28ರಂದು ಮುಗಿಸಬೇಕೆಂದು ಘೋಷಣಾ ಪತ್ರದಲ್ಲಿತ್ತು. ಎರಡೂ ಕ್ರಿಸ್ತಜಯಂತಿಯ ನಂತರದ ಭಾನುವಾರಗಳು; ಎಂದರೆ ಎರಡೂ ಪವಿತ್ರ ಕುಟುಂಬದ ಹಬ್ಬಗಳು. ಇಡೀ ವರ್ಷವನ್ನು ಯೇಸು, ಮರಿಯ, ಜೋಸೆಫರ ಮನೆಯ ಎರಡು ಬಾಗಿಲುಗಳ ನಡುವೆ ಇಟ್ಟ ಹಾಗಾಯಿತು.

ಮೊದಲ ಹಬ್ಬದ ದಿನ ನಾವು ಪ್ರಧಾನಾಲಯಕ್ಕೆ ಬಸ್ಸಿನಲ್ಲಿ ಹೋದೆವು. ಇಲ್ಲಿ ಪವಿತ್ರ ದ್ವಾರ ಎಲ್ಲಿದೆ ಎಂದು ಮಕ್ಕಳು ಕೇಳಿದರು. 2016ರ ಕರುಣೆಯ ವರ್ಷದಲ್ಲಿ ಪ್ರತಿ ಧರ್ಮಕ್ಷೇತ್ರದಲ್ಲಿಯೂ ಒಂದು ದ್ವಾರವಿತ್ತು, ಈ ಸಲ ರೋಮಿನ ನಾಲ್ಕು ಮಹಾದೇವಾಲಯಗಳಲ್ಲಿ ಮತ್ತು ಅಲ್ಲಿಯ ರೆಬಿಬ್ಬಿಯಾ ಸೆರೆಮನೆಯಲ್ಲಿ ಮಾತ್ರ ಎಂದು ತಿಳಿಸಿ ಹೇಳಿದೆವು. ಸೆರೆಮನೆಗೆ ಯಾಕೆ ಎಂದು ಚಿಕ್ಕವನು ಕೇಳಿದ. ಅಷ್ಟರಲ್ಲಿ ಪೂಜೆಯ ಗಂಟೆ ಹೊಡೆಯಿತು.

ಅಂದಿನ ಶುಭಸಂದೇಶ ಸಂತ ಲೂಕರದು. ಹನ್ನೆರಡು ವರ್ಷದ ಬಾಲಯೇಸುವನ್ನು ಕರೆದುಕೊಂಡು ತಂದೆತಾಯಿ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಾರೆ. ನಜರೇತಿನಿಂದ ನೂರು ಕಿಲೋಮೀಟರಿಗೂ ಮಿಗಿಲಾದ ಕಾಲ್ನಡಿಗೆ. ಹಿಂತಿರುಗುವಾಗ ಒಂದು ಇಡೀ ದಿನ ನಡೆದ ಮೇಲೆ ಮಗ ಜೊತೆಯಲ್ಲಿಲ್ಲವೆಂದು ತಿಳಿಯುತ್ತದೆ. ಇದನ್ನು ಕೇಳುವಾಗಲೆಲ್ಲ ನಮಗೆ ಒಂದು ಅನುಮಾನ ಇದ್ದೇ ಇತ್ತು. ಹೆತ್ತವರಿಗೆ ಒಂದು ದಿನವೆಲ್ಲಾ ಮಗನ ನೆನಪಾಗಲಿಲ್ಲವೇ? ಉತ್ತರ ಅದೇ ವಾಕ್ಯದಲ್ಲಿದೆ, ನಾವು ಗಮನಿಸಿರಲಿಲ್ಲ. ಮಗ ನೆಂಟರಿಷ್ಟರ ಗುಂಪಿನಲ್ಲಿ ಇದ್ದಾನೆಂದು ಅವರು ನಂಬಿದ್ದರು. ಊರಿಗೆ ಊರೇ ಒಟ್ಟಾಗಿ ನಡೆಯುವ ಯಾತ್ರೆಯಲ್ಲಿ ಮಗು ಚಿಕ್ಕಪ್ಪನ ಜೊತೆ ಉಂಡು ದೊಡ್ಡಮ್ಮನ ಪಕ್ಕದಲ್ಲಿ ಮಲಗಿದರೆ ಅದು ಕಳೆದುಹೋದಂತೆ ಅಲ್ಲ. ಅವರದು ಅಜಾಗ್ರತೆಯಲ್ಲ, ಬಂಧುಗಳ ಮೇಲಿನ ವಿಶ್ವಾಸ.

ಹಿಂತಿರುಗುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನಿಮ್ಮ ಮಕ್ಳು ಕಾಣ್ದೇ ಹೋದ್ರೆ, ದೊಡ್ಡಪ್ಪನ ಮನೇಲಿ ಇದ್ದಾವು ಅಂತ ನೀವು ನಿಶ್ಚಿಂತೆಯಾಗಿ ಇರ್ತಿದ್ರಾ?"

ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಅಣ್ಣನ ಮನೆಗೂ ನಮ್ಮ ಮನೆಗೂ ಮೂರು ವರ್ಷದಿಂದ ಮಾತಿರಲಿಲ್ಲ. ಅಪ್ಪನ ಕಡೆಗಾಲದ ಆಸ್ಪತ್ರೆ ಖರ್ಚಿಗೆ ನಾವು 80,000 ರೂಪಾಯಿ ಹೊಂದಿಸಿದ್ದೆವು. ಅರ್ಧ ತಾನು ಕೊಡುತ್ತೇನೆಂದು ಅಣ್ಣ ಒಪ್ಪಿದ್ದರು, ಕೊಡಲಿಲ್ಲ. ಅದಕ್ಕೆ ಪ್ರತಿಯಾಗಿ ನಾವು ಜಮೀನಿನ ಪಾಲುಪತ್ರಕ್ಕೆ ಸಹಿ ಹಾಕಲಿಲ್ಲ. ಒಂದು ಎಕರೆ ಚಿಲ್ಲರೆ ಜಮೀನು, ಬದುವಿನ ಮೇಲೆ ಒಂದು ಸಾಲು ತೆಂಗು. ಇಷ್ಟಕ್ಕೇ ಅಣ್ಣ ತಮ್ಮಂದಿರು ಒಂದೇ ಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆವು. ಸಮಾಧಾನ ಕೋರಿ ಕೈಮುಗಿಯುವ ಹೊತ್ತಿನಲ್ಲಿ ಎದುರಿನ ಸಾಲಿಗೆ ತಿರುಗುತ್ತಿದ್ದೆವು, ಹಿಂದಿನ ಸಾಲಿಗೆ ತಿರುಗುತ್ತಿರಲಿಲ್ಲ.

ಮಾರ್ಚ್ 5ರಂದು ಬೂದಿ ಬುಧವಾರ ಬಂತು. ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಹಣೆಗೆ ಬಿತ್ತು. ಅಂದಿನಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ; ನಲವತ್ತು ಅನ್ನುವುದು ಹೇಗೆ ಎಂದು ಮಕ್ಕಳು ಕೇಳುವುದುಂಟು. ನಡುವಿನ ಆರು ಭಾನುವಾರಗಳು ಪುನರುತ್ಥಾನದ ದಿನಗಳು, ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಜ್ಯೂಬಿಲಿಯ ದಂಡವಿಮೋಚನೆಗೆ ಪಾಪನಿವೇದನೆ, ಪರಮಪ್ರಸಾದ, ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆ, ಪಾಪದ ಮೋಹ ಬಿಡುವುದು, ಇವು ಷರತ್ತುಗಳು. ಇವುಗಳ ಜೊತೆಗೆ ಮಾಡಬಹುದಾದ ಪುಣ್ಯಕಾರ್ಯಗಳಲ್ಲಿ ಯಾತ್ರೆ ಒಂದು, ರೋಗಿಗಳನ್ನೂ ವೃದ್ಧರನ್ನೂ ಸೆರೆಯಲ್ಲಿರುವವರನ್ನೂ ನೋಡಿಬರುವುದು ಇನ್ನೊಂದು. ವಾರಕ್ಕೆ ಒಂದು ದಿನವಾದರೂ ವ್ಯರ್ಥವಾದ ಕಾಲಹರಣವನ್ನು, ಸಾಮಾಜಿಕ ಜಾಲತಾಣಗಳನ್ನೂ ಸೇರಿಸಿ, ಬಿಡುವುದೂ ಅದರಲ್ಲಿತ್ತು. ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆಯಿಂದ ಮೊಬೈಲುಗಳೆಲ್ಲ ಅಕ್ಕಿ ಡಬ್ಬದ ಮೇಲೆ. ಮೊದಲ ವಾರ ಯಾರಿಗೂ ಮಾತು ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಮಕ್ಕಳಿಗಿಂತ ನಮಗೇ ಕಷ್ಟವಾಯಿತು. ಮೂರನೆಯ ವಾರ ಆ ಮೌನದಲ್ಲಿ ಅಣ್ಣನ ವಿಷಯ ಬಂತು.

ಆ ನಲವತ್ತು ಸಾವಿರ ಬಿಟ್ಟುಬಿಡೋಣ ಎಂದು ನಮ್ಮಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು ಒಪ್ಪಲಿಲ್ಲ. ಆ ಹಣಕ್ಕಾಗಿ ಅಡವಿಟ್ಟದ್ದು ಮದುವೆಯ ಬಳೆಗಳನ್ನು. ಬಡ್ಡಿ ಕಟ್ಟಿ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿದಿತ್ತು. ಯಾರ ಬಳೆಯೋ ಅವರಿಗೆ ಕ್ಷಮೆ ಮಾತಿನಷ್ಟು ಹಗುರವಲ್ಲ. ಪ್ರಸಂಗಗಳಲ್ಲಿ ಕ್ಷಮೆಯ ಬಗ್ಗೆ ಕೇಳುತ್ತೇವೆ, ಆದರೆ ಒಂದು ಮನೆಯಲ್ಲಿ ಗಂಡನೂ ಹೆಂಡತಿಯೂ ಒಂದೇ ದಿನ ಕ್ಷಮಿಸಲು ಸಿದ್ಧರಾಗುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಆ ತಪಸ್ಸುಕಾಲ ಹಾಗೆಯೇ ಮುಗಿಯಿತು.

ಪಾಸ್ಕ ಹಬ್ಬ ಏಪ್ರಿಲ್ 20ಕ್ಕೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಪಾಸ್ಕ, ಆದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬೀಳಬಹುದು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು 325ರ ನೈಸೀಯಾ ಮಹಾಸಭೆ ಬಯಸಿತ್ತು. ಆ ಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಪೂರ್ವದ ಸಭೆಗಳಿಗೂ ನಮಗೂ ಪಾಸ್ಕ ಒಂದೇ ದಿನ ಬಂದದ್ದು ಸಂತೋಷದ ವಿಷಯ.

ಮಾರನೆಯ ಸೋಮವಾರ ಬುತ್ತಿ ಕಟ್ಟಿಕೊಂಡು ಬಲಮುರಿಗೆ ಹೋದೆವು. ಪುಳಿಯೋಗರೆ, ಮೊಸರನ್ನ, ಹಿಂದಿನ ದಿನದ ಕೋಳಿ ಸಾರು. ಮಕ್ಕಳು ಕಾವೇರಿಯ ನೀರಿಗಿಳಿದಿದ್ದರು. ಮಧ್ಯಾಹ್ನ ಒಂದೂವರೆ ಇರಬಹುದು, ಮೊಬೈಲು ಬಡಿದುಕೊಂಡಿತು. ನೋಡಿದರೆ ಅಣ್ಣನ ನಂಬರು. ಅವ್ವನಿಗೇನೋ ಎಂದು ತಿಳಿದು ಅವರ ಕೈಗೆ ಕೊಡಲು ಹೋದರೆ, ಅವರು ನೀವೇ ಮಾತಾಡಿ ಎಂದು ಸನ್ನೆ ಮಾಡಿದರು. "ಪೋಪು ಹೋಗ್ಬಿಟ್ರಂತೆ, ಟಿವಿಲಿ ಬರ್ತಾ ಇದೆ" ಎಂದರು ಅಣ್ಣ. ನಿನ್ನೆಯಷ್ಟೇ ಬಾಲ್ಕನಿಯಲ್ಲಿ ಆಶೀರ್ವಾದ ಕೊಟ್ಟರಲ್ಲಾ ಎಂದೆವು. "ಹ್ಞೂಂ" ಎಂದರು. ಸ್ವಲ್ಪ ಹೊತ್ತು ಎರಡೂ ಕಡೆ ಮೌನ. "ಮಕ್ಳು ನೀರಲ್ಲಿ ಇದ್ರೆ ಹುಷಾರು, ಅಲ್ಲಿ ಬಂಡೆ ಜಾರುತ್ತೆ" ಎಂದು ಹೇಳಿ ಇಟ್ಟರು. ನಾವು ಬಲಮುರಿಯಲ್ಲಿ ಇರುವುದು ಅವರಿಗೆ ಹೇಗೆ ತಿಳಿಯಿತೋ! ಅವ್ವನನ್ನು ಕೇಳಿದರೆ ಮೊಸರನ್ನ ಕಲಸುತ್ತಾ ಕೂತರು.

ಮೇ 8ರ ರಾತ್ರಿ ಹದಿನಾಲ್ಕನೇ ಲಿಯೋ ಜಗದ್ಗುರುಗಳ ಆಯ್ಕೆಯಾಯಿತು. ಅದೇ ಬೇಸಿಗೆ ರಜೆಯಲ್ಲಿ ಹಾಸನದ ಕಡೆ ಹೋದವರು ಶೆಟ್ಟಿಹಳ್ಳಿಗೆ ಹೋದೆವು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಸುತ್ತಲ ಊರುಗಳು ಮುಳುಗಿ ಜನರು ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ದೇವಾಲಯ ಅರ್ಧ ನೀರಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನಡೆದುಕೊಂಡೇ ಒಳಗೆ ಹೋಗಬಹುದು. ಸೂರಿಲ್ಲ, ಕಮಾನುಗಳಿವೆ. ಪೀಠವಿದ್ದ ಜಾಗದಲ್ಲಿ ಹುಲ್ಲು. ಸುತ್ತಮುತ್ತ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾವೂ ತೆಗೆಸಿಕೊಂಡೆವು. ಅವ್ವ ಮಾತ್ರ ಒಂದು ಕಲ್ಲಿನ ಮೇಲೆ ಕುಳಿತು ಜಪಸರ ಹೇಳಿ ಮುಗಿಸಿ, ಇಲ್ಲಿಯವರಿಗೂ ಜಮೀನಿನ ಪತ್ರಗಳು ಇದ್ದಿರಬೇಕು, ಬದುವಿಗಾಗಿ ಜಗಳ ಆಡಿರಬೇಕು ಎಂದರು. ಅಂದು ಸಂಜೆ ವಾಹನದಲ್ಲಿ ಹಿಂತಿರುಗುವಾಗ ಬಳೆಯ ಒಡತಿ, ಯಾರೂ ಕೇಳದಿದ್ದರೂ, "ಆ ದುಡ್ಡಿನ ಮಾತು ಬಿಟ್ಬಿಡಿ" ಎಂದಳು.

ಜೂನ್ 13ರಂದು ದೋರನಹಳ್ಳಿ. ಮೈಸೂರು ಸೀಮೆಯ ನಮಗೆ ಸಂತ ಅಂತೋಣಿಯವರ ಈ ಕ್ಷೇತ್ರವನ್ನು ಪರಿಚಯಿಸಬೇಕಿಲ್ಲ. ಹೊಲ ಉಳುತ್ತಿದ್ದ ರೈತನಿಗೆ ಮರದ ಪ್ರತಿಮೆ ಸಿಕ್ಕಿದ್ದು, ಮಕ್ಕಳ ಆಟಕ್ಕೆ ಕೊಟ್ಟದ್ದು, ಕನಸಿನಲ್ಲಿ ಸನ್ಯಾಸಿ ಬಂದು ಗುಡಿ ಕಟ್ಟೆಂದು ಹೇಳಿದ್ದು, ಈ ಕತೆಯನ್ನು ಜಾತಿ ಮತ ನೋಡದೆ ಎಲ್ಲ ಊರಿನ ಜನರೂ ಹೇಳುತ್ತಾರೆ. 2019ರಲ್ಲಿ ಅದು ಬಸಿಲಿಕವಾಯಿತು. ಕಳೆದುಹೋದದ್ದನ್ನು ಹುಡುಕಿಕೊಡುವವರೆಂದು ಅಂತೋಣಿಯವರಿಗೆ ಹೆಸರು. ಅವ್ವ ಇಬ್ಬರು ಮಕ್ಕಳ ಹೆಸರಿನಲ್ಲೂ ಹರಕೆ ಹೊತ್ತಿದ್ದರಂತೆ, ಆದ್ದರಿಂದ ಇಬ್ಬರೂ ಬರಲೇಬೇಕಾಯಿತು.

ಜನಜಂಗುಳಿಯಲ್ಲಿ ಅಣ್ಣ, ಅತ್ತಿಗೆ ಸಿಕ್ಕರು. ಮಕ್ಕಳು ಐದೇ ನಿಮಿಷದಲ್ಲಿ ದೊಡ್ಡಪ್ಪನ ಮಕ್ಕಳ ಜೊತೆ ಅಂಗಡಿ ಸಾಲಿನಲ್ಲಿ ಮಾಯವಾದರು. ಎಲ್ಲಿ ಹೋದರೆಂದು ನಾವು ಗಾಬರಿಯಿಂದ ಹುಡುಕಲು ಹೊರಟರೆ, ಅತ್ತಿಗೆ, "ಎಲ್ಲಿಗೆ ಹೋಗ್ತಾವೆ, ಜೊತೇಲೇ ಇದ್ದಾವೆ, ಬನ್ನಿ ಕೂತ್ಕೊಳ್ಳಿ" ಎಂದರು. ಕುಳಿತೆವು. ಹಣ ಕೊಡಬೇಕಾಗಿಲ್ಲ, ಪಾಲುಪತ್ರಕ್ಕೆ ಸಹಿ ಹಾಕುತ್ತೇವೆ ಎಂದು ಅಣ್ಣನಿಗೆ ಹೇಳಿದೆವು. ಅವರು ಕಣ್ಣೀರು ಹಾಕಲಿಲ್ಲ, ನಮ್ಮನ್ನು ತಬ್ಬಿಕೊಳ್ಳಲೂ ಇಲ್ಲ. ಮುಖ ಕೆಂಪಾಯಿತು. "ನಾನು ಕೊಡಲ್ಲ ಅಂತ ಯಾವತ್ತು ಹೇಳ್ದೆ? ಬೆಳೆ ಬರ್ಲಿಲ್ಲ" ಎಂದರು. ಮನ್ನಾ ಮಾಡುತ್ತೇವೆನ್ನುವುದು ಕೇಳುವವರಿಗೆ ಅವಮಾನವಾಗಿಯೂ ಕೇಳಬಹುದೆಂದು ಅಂದು ತಿಳಿಯಿತು. ಮೂರು ವರ್ಷ ಅವರೂ ಒಂದು ಹೊರೆ ಹೊತ್ತಿದ್ದರು, ನಾವು ಕೇಳಿರಲಿಲ್ಲ.

ಸೆಪ್ಟೆಂಬರ್ 8ರ ಮಾತೆಯ ಜನನೋತ್ಸವಕ್ಕೆ ಮಳೆ, ಮಕ್ಕಳಿಗೆ ಪರೀಕ್ಷೆ. ಬೆಂಗಳೂರಿನ ಶಿವಾಜಿನಗರಕ್ಕೆ ಹೋಗುವ ಆಸೆ ಹಾಗೆಯೇ ಉಳಿಯಿತು. ಅದರ ಹಿಂದಿನ ದಿನ ಹದಿನೈದನೆಯ ವಯಸ್ಸಿಗೆ ತೀರಿಕೊಂಡ ಕಾರ್ಲೊ ಅಕ್ಯೂಟಿಸ್ ಸಂತರಾದದ್ದನ್ನು ಟಿವಿಯಲ್ಲಿ ಮಕ್ಕಳು ಎದ್ದು ಹೋಗದೆ ನೋಡಿದರು, ಅದು ನಮಗೆ ಆಶ್ಚರ್ಯ.

ನವೆಂಬರ್ 2ರ ಸತ್ತವರ ಹಬ್ಬ 2025ರಲ್ಲಿ ಭಾನುವಾರವೇ ಬಿತ್ತು. ಸಾಧಾರಣ ಕಾಲದ ಭಾನುವಾರವಾದ್ದರಿಂದ ಅದರ ಬದಲು ಮೃತರ ಪೂಜೆಯೇ ನಡೆಯಿತು. ಅಪ್ಪನ ಸಮಾಧಿಗೆ ನಾವು ಹೂವು, ಮೇಣದಬತ್ತಿ ಒಯ್ದಾಗ ಅಣ್ಣ ಆಗಲೇ ಸುಣ್ಣ ಬಳಿದು ಮುಗಿಸಿದ್ದರು. ಗುರುಗಳು ತೀರ್ಥ ಚಿಮುಕಿಸಿ ಹೋದ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ನಮ್ಮ ಕೈಗೆ ಹಿಡಿಸಿದರು. ಹತ್ತು ಸಾವಿರ. ಬೇಡವೆಂದೆವು. "ನಿಮಗಲ್ಲ, ಅವ್ವನ ಕಣ್ಣಿನ ಪೊರೆ ಆಪರೇಷನ್ನಿಗೆ" ಎಂದರು. ಅದನ್ನು ತೆಗೆದುಕೊಳ್ಳದೆ ಇರಲು ನಮಗೆ ಯಾವ ಹಕ್ಕಿತ್ತು?

ಡಿಸೆಂಬರ್ 28ರಂದು ಜ್ಯೂಬಿಲಿಯ ಮುಕ್ತಾಯಕ್ಕೆ ಹೋದಾಗ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಎರಡೂ ಮನೆಯವರು ಹೊರಟೆವು. ಈ ವರ್ಷದ ಶುಭಸಂದೇಶ ಸಂತ ಮತ್ತಾಯರದು. ಹೆರೋದನಿಗೆ ಹೆದರಿ ಜೋಸೆಫರು ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಿದ ಪ್ರಸಂಗ. ಹಿಂದಿನ ವರ್ಷದ ಯಾತ್ರೆಯಲ್ಲಿ ಬಂಧುಗಳ ದಂಡೇ ಇತ್ತು, ಇದರಲ್ಲಿ ಮೂವರೇ. ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದ ಅವ್ವ ಇಬ್ಬರು ಮಕ್ಕಳ ನಡುವೆ ಕುಳಿತಿದ್ದರು.

ಪಾಲುಪತ್ರಕ್ಕೆ ಸಹಿಯಾಗಿದೆ. ಅಳತೆಗೆ ಸರ್ವೆಯವರು ಇನ್ನೂ ಬಂದಿರಲಿಲ್ಲ. ತೆಂಗಿನ ಸಾಲು ಯಾರ ಕಡೆ ಬೀಳುವುದೋ ಗೊತ್ತಿಲ್ಲ, ಆ ಮಾತು ಬಂದಾಗ ಇಬ್ಬರ ದನಿಯೂ ಸ್ವಲ್ಪ ಗಟ್ಟಿಯಾಗುತ್ತದೆ. ಅಂದು ರಾತ್ರಿ ಕಜ್ಜಾಯ ತಿಂದು ಹೊರಡುವಾಗ ಅಣ್ಣ ಬಾಗಿಲಲ್ಲಿ ನಿಂತು, ಮುಂದಿನ ಜೂನ್ 13 ಶನಿವಾರ ಬರುತ್ತೆ, ಮಕ್ಕಳಿಗೆ ಸ್ಕೂಲಿನ ತೊಂದರೆ ಇಲ್ಲ, ಗಾಡಿ ನಾನೇ ಮಾತಾಡ್ತೀನಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು.